ಪವರ್ ವಿಂಡೋ ಕೆಟ್ರೆ ಮೊದ್ಲು ಮೋಟರ್ ತರೋಕೆ ಓಡ್ಬೇಡಿ

ಜುಲೈ ಮಳೇಲಿ ಸಾಗರದ ಕಡೆಯಿಂದ ಬರ್ತಾ ಕಾರಿನ ಹಿಂದಿನ ಡೋರಿನ ಪವರ್ ವಿಂಡೋ, ಅಂದ್ರೆ ಸ್ವಿಚ್ ಒತ್ತಿದ್ರೆ ಏರಿಳಿಯೋ ಗ್ಲಾಸು, ಅರ್ಧಕ್ಕೆ ನಿಂತ್ಬಿಟ್ರೆ ಏನು ಗತಿ ಅಂತ ಅನುಭವಿಸಿದವ್ರಿಗೇ ಗೊತ್ತು, ಶಿವಮೊಗ್ಗ ಮುಟ್ಟೋ ಹೊತ್ತಿಗೆ ಸೀಟೆಲ್ಲ ತೊಯ್ದು ತೊಪ್ಪೆ. ನಮ್ಮ ಪಕ್ಕದ್ಮನೆಯವ್ರಿಗೆ ಹಿಂಗೇ ಆಗಿ ಮಾರನೇ ದಿನವೇ ಹೊಸ ಮೋಟರ್ ಹಾಕಿಸಿದ್ರು, ಒಂದೂವರೆ ತಿಂಗ್ಳಿಗೆ ಅದೂ ಹೋಯ್ತು. ಬಿಚ್ಚಿ ನೋಡಿದ್ರೆ ಗ್ಲಾಸು ಓಡಾಡೋ ರಬ್ಬರ್ ಚಾನೆಲ್ಲು ಒಣಗಿ ಕಟ್ಟಿಗೆ ಥರ ಆಗಿತ್ತು, ಸಾಲ್ದು ಅಂತ ಗ್ಲಾಸನ್ನ ಸೊಟ್ಟಗೆ ಕೂರಿಸಿ ಬೋಲ್ಟ್ ಬಿಗಿದಿದ್ರು. ಮೋಟರ್ ಪಾಪ ಎಷ್ಟು ದಿನ ಎಳೆಯುತ್ತೆ?

ಡೋರ್ ಒಳಗೆ ಇರೋದು ಇಷ್ಟೇ. ಸ್ವಿಚ್ಚು, 12 ವೋಲ್ಟಿನ ಮೋಟರ್, ಮತ್ತೆ ಗ್ಲಾಸನ್ನ ಎತ್ತಿ ಇಳಿಸೋ ರೆಗ್ಯುಲೇಟರ್. ರೆಗ್ಯುಲೇಟರಲ್ಲಿ ಎರಡು ಥರ, ಒಂದು ಕತ್ತರಿ ಥರ ತೆರ್ಕೊಳ್ಳೋದು, ಇನ್ನೊಂದು ಕೇಬಲ್ ಎಳೆಯೋದು.

ಮೊದ್ಲು ಕಿವಿ ಕೊಡಿ. ಸ್ವಿಚ್ ಒತ್ತಿದಾಗ ಮೋಟರ್ ಗುರ್ ಅಂತಿದೆ ಆದ್ರೆ ಗ್ಲಾಸ್ ಅಲ್ಲಾಡ್ತಿಲ್ಲ ಅಂದ್ರೆ ಕೇಬಲ್ಲೋ ಗ್ಲಾಸ್ ಹಿಡಿಯೋ ಪ್ಲಾಸ್ಟಿಕ್ ಕ್ಲಿಪ್ಪೋ ಮುರಿದಿದೆ. ಸದ್ದೇ ಇಲ್ವಾ? ರಾತ್ರಿ ಒಳಗಿನ ಲೈಟ್ ಹಾಕ್ಕೊಂಡು ಸ್ವಿಚ್ ಒತ್ತಿ. ಲೈಟು ಚೂರು ಮಂಕಾದ್ರೆ ಕರೆಂಟ್ ಹೋಗ್ತಿದೆ, ಮೋಟರೋ ಗ್ಲಾಸೋ ಸಿಕ್ಕಾಕ್ಕೊಂಡಿದೆ. ಮಂಕಾಗದಿದ್ರೆ ಫ್ಯೂಸ್ ನೋಡಿ, ಆಮೇಲೆ ಸ್ವಿಚ್, ಆಮೇಲೆ ಡೋರಿಗೂ ಬಾಡಿಗೂ ಮಧ್ಯೆ ಇರೋ ರಬ್ಬರ್ ಕೊಳವೆ ಒಳಗಿನ ವೈರು, ಬಾಗಿಲು ತೆಗೆದು ಹಾಕಿ ಅದು ಅಲ್ಲೇ ತುಂಡಾಗುತ್ತೆ. ಇನ್ನೊಂದು ವಿಷ್ಯ, ಸುಮಾರು ಕಾರುಗಳಲ್ಲಿ ಬೇರೆ ಡೋರುಗಳ ಕರೆಂಟು ಡ್ರೈವರ್ ಹತ್ರ ಇರೋ ಮೇನ್ ಸ್ವಿಚ್ ಮೂಲಕವೇ ಸುತ್ತಿ ಬರುತ್ತೆ, ಹಂಗಾಗಿ ಹಿಂದಿನ ಗ್ಲಾಸ್ ನಿಂತ್ರೂ ತಪ್ಪು ಮುಂದಿನ ಸ್ವಿಚ್ಚಲ್ಲಿ ಇರ್ಬೋದು.

ರೆಗ್ಯುಲೇಟರೇ ಹೋಗಿದ್ರೆ ಮೋಟರ್ ಸಮೇತ ಪೂರ್ತಿ ಸೆಟ್ ತನ್ನಿ. ಬೆಂಗ್ಳೂರಾದ್ರೆ ಜೆ.ಸಿ. ರೋಡಲ್ಲಿ ಬರೀ ಕೇಬಲ್ ಕೂಡ ಸಿಗುತ್ತೆ, ನಾನಂತೂ ಬೇಡ ಅಂತೀನಿ, ಮನೇಲಿ ಕೂತು ಆ ಕೇಬಲ್ಲನ್ನ ಮೋಟರ್ ತಿರುಗಿಸೋ ಡ್ರಮ್ಮಿಗೆ ಸುತ್ತೋದು ಅಷ್ಟು ಸುಲಭ ಅಲ್ಲ. ಕತ್ತರಿ ಥರದ್ದಾದ್ರೆ ಮೋಟರನ್ನ ಬೇರೆ ಮಾಡೋಕೆ ಹೋಗ್ಲೇಬೇಡಿ, ಅದ್ರಲ್ಲಿರೋ ಸುರುಳಿ ಸ್ಪ್ರಿಂಗ್ ಬಿಗಿಯಾಗಿ ಕೂತಿರುತ್ತೆ, ಬಿಟ್ಟುಕೊಂಡ್ರೆ ಬೆರಳು ಜಜ್ಜಿಹೋಗುತ್ತೆ.

ಬ್ಯಾಟರಿ ನೆಗೆಟಿವ್ ವೈರ್ ತೆಗೀರಿ. ಹ್ಯಾಂಡಲ್ ಹಿಂದೆ, ಕೈಹಿಡಿ ಗುಳಿ ಒಳಗೆ ಅಡಗಿರೋ ಸ್ಕ್ರೂ ಬಿಚ್ಚಿ, ಕೆಳಗಿಂದ ಕ್ಲಿಪ್ ಎಬ್ಬಿಸಿ ಡೋರ್ ಪ್ಯಾಡನ್ನ, ಅಂದ್ರೆ ಡೋರಿನ ಒಳಗಡೆ ಹೊದಿಕೆಯನ್ನ, ಮೇಲಕ್ಕೆತ್ತಿ ತೆಗೀರಿ. ಒಳಗೆ ಕಪ್ಪು ಅಂಟಲ್ಲಿ ಹತ್ತಿರೋ ಪ್ಲಾಸ್ಟಿಕ್ ಹಾಳೆ ಕಾಣುತ್ತೆ, ಹರಿದು ಬಿಸಾಡ್ಬೇಡಿ ದಯವಿಟ್ಟು. ಮಳೆ ನೀರು ಡೋರ್ ಒಳಗೆ ಇಳಿಯೋದು ಸಹಜ, ಅದು ಕೆಳಗಿನ ತೂತಿಂದ ಹೊರಗೆ ಹೋಗ್ಬೇಕು, ಈ ಹಾಳೆ ಇಲ್ದಿದ್ರೆ ಸೀದಾ ಮ್ಯಾಟ್ ಮೇಲೆ ಬರುತ್ತೆ.

ಈಗ ಎಲ್ಲರೂ ಎಡವೋ ಜಾಗ. ಗ್ಲಾಸ್ ಹಿಡಿದಿರೋ ಎರಡು ಬೋಲ್ಟು ಮುಟ್ಟೋ ಮುಂಚೆ ಗ್ಲಾಸನ್ನ ಕೈಯಲ್ಲೇ ಪೂರ್ತಿ ಮೇಲಕ್ಕೆತ್ತಿ, ಅಗಲ ಮಾಸ್ಕಿಂಗ್ ಟೇಪನ್ನ ಒಳಗಡೆಯಿಂದ ಫ್ರೇಮ್ ಮೇಲೆ ದಾಟಿಸಿ ಹೊರಗಡೆವರೆಗೂ ಎರಡು ಮೂರು ಕಡೆ ಅಂಟಿಸಿ. ಪ್ಯಾಕಿಂಗ್ ಟೇಪ್ ಬೇಡ, ಬಿಸಿಲಿಗೆ ಅಂಟು ಪೇಂಟಿಗೆ ಹತ್ಕೊಳ್ಳುತ್ತೆ. ಹಳೇ ರೆಗ್ಯುಲೇಟರ್ ತೆಗೆದ್ಮೇಲೆ ಚಾನೆಲ್ ರಬ್ಬರಿನ ತೋಡಲ್ಲಿ ಬೆರಳು ಆಡಿಸಿ ನೋಡಿ, ಕಪ್ಪು ಧೂಳು ಮೆತ್ತಿರುತ್ತೆ. ಒದ್ದೆ ಬಟ್ಟೇಲಿ ಒರೆಸಿ, ಒಣಗಿದ್ಮೇಲೆ ಸಿಲಿಕಾನ್ ಸ್ಪ್ರೇ ಹೊಡೀರಿ. ಗ್ರೀಸು, ಎಂಜಿನ್ ಆಯಿಲ್ ಹಚ್ಚೋರಿದಾರೆ, ಧೂಳು ಕೂತು ಕೆಸರಾಗುತ್ತೆ, ರಬ್ಬರೂ ಉಬ್ಬುತ್ತೆ. ರಬ್ಬರ್ ಬಿರುಕು ಬಿಟ್ಟಿದ್ರೆ ಹೊಸದೇ ಹಾಕಿ.

ಹೊಸ ರೆಗ್ಯುಲೇಟರನ್ನ ಡೋರಿಗೆ ಕೂರಿಸಿ, ಗ್ಲಾಸ್ ಬೋಲ್ಟನ್ನ ಮಾತ್ರ ಕೈಯಲ್ಲಿ ತಿರುಗಿಸಿ ಸಡಿಲವಾಗೇ ಬಿಡಿ. ಟೇಪ್ ಕಿತ್ತು, ಬ್ಯಾಟರಿ, ಸ್ವಿಚ್ ಕನೆಕ್ಟ್ ಮಾಡಿ, ಕೈ ಹೊರಗಿಟ್ಕೊಂಡು ಗ್ಲಾಸನ್ನ ಮೆಲ್ಲಗೆ ಪೂರ್ತಿ ಏರಿಸಿ. ಏರುವಾಗ ಗ್ಲಾಸು ತಾನೇ ಚಾನೆಲ್ಲಿಗೆ ಒಗ್ಗಿ ನೆಟ್ಟಗಾಗುತ್ತೆ, ಮೇಲಿನ ಅಂಚು ಎರಡೂ ಕಡೆ ಒಟ್ಟಿಗೇ ರಬ್ಬರಿಗೆ ತಾಗಿತಾ ನೋಡಿ. ತಾಗಿದ್ಮೇಲೇ ಬೋಲ್ಟ್ ಬಿಗೀರಿ, ಅದೂ ಜೋರಾಗಲ್ಲ, ಗ್ಲಾಸು ಚಟ್ ಅನ್ನುತ್ತೆ. ಗ್ಲಾಸ್ ಪೂರ್ತಿ ಮೇಲಿದ್ದಾಗ ಬೋಲ್ಟ್ ಬಿಗಿಯೋಕೆ ಡೋರಲ್ಲಿರೋ ತೂತು ಸಿಗದಿದ್ರೆ ಒಂದು ಬೋಲ್ಟನ್ನ ಅರ್ಧ ಬಿಗಿದು, ತೂತು ಸಿಗೋವರೆಗೆ ಇಳಿಸಿ ಇನ್ನೊಂದನ್ನ ಬಿಗೀರಿ, ಮತ್ತೆ ಏರಿಸಿ ನೋಡಿ.

ಐದಾರು ಸಲ ಏರಿಸಿ ಇಳಿಸಿ, ಕಿರ್ ಅಂದ್ರೆ ಬೋಲ್ಟ್ ವಾಪಸ್ ಸಡಿಲ ಮಾಡಿ. ಹಾಳೆ ಅಂಟಿಸಿ, ಪ್ಯಾಡ್ ಹಾಕಿ. ಒಂದೇ ಒತ್ತಿಗೆ ಏರೋ ಗ್ಲಾಸಾದ್ರೆ ಮರುಸೆಟ್ ಮಾಡ್ಬೇಕಾಗ್ಬೋದು, ಕಾರಿನ ಪುಸ್ತಕದಲ್ಲಿ ವಿಧಾನ ಇರುತ್ತೆ. ಕೊನೆಗೆ ಒಂದು ಚೊಂಬು ನೀರನ್ನ ಗ್ಲಾಸ್ ಮೇಲೆ ಸುರೀರಿ, ಡೋರಿನ ಕೆಳಗಿನ ತೂತಿಂದ ತೊಟ್ಟಿಕ್ಕದಿದ್ರೆ ಕಡ್ಡಿ ಹಾಕಿ ಕೆಸರು ತೆಗೀರಿ.