ದರಗಿಗೆ ಹೋಗುವ ಮೊದಲು, ಬಂದ ಮೇಲೆ

ಸಾಗರ ತಾಲ್ಲೂಕಿನಲ್ಲಿ ನಾನು ಆಶಾ ಕಾರ್ಯಕರ್ತೆ. ಚಳಿಗಾಲದಲ್ಲಿ ಮನೆಮನೆಗೆ ಹೋಗಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಇದರಿಂದ ಆದ ಸಾವುಗಳನ್ನು ನಾವು ಯಾರೂ ಮರೆತಿಲ್ಲ.

ಇದನ್ನು ಹರಡುವುದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ. ನವೆಂಬರಿನಿಂದ ಮೇವರೆಗೆ ಒಣಗಿದ ಎಲೆಗಳಲ್ಲಿ ಮರಿ ಉಣುಗುಗಳು ತುಂಬಿರುತ್ತವೆ. ಎಳ್ಳಿಗಿಂತ ಸಣ್ಣವು, ಕಚ್ಚಿದ್ದೂ ತಿಳಿಯುವುದಿಲ್ಲ. ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ತರಗೆಲೆ, ಬೇಕಾದವರಿಗೆ ಕಾಡಿಗೆ ಹೋಗಲೇಬೇಡಿ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಆದರೆ ಸಾಧ್ಯವಾದಷ್ಟು ದರಗನ್ನು ಈ ಕಾಲಕ್ಕೆ ಮೊದಲೇ ತಂದಿಟ್ಟುಕೊಳ್ಳಿ. ಹೋಗಲೇಬೇಕಾದರೆ ಉದ್ದ ತೋಳಿನ ಅಂಗಿ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಕೈಕಾಲು, ಕುತ್ತಿಗೆಗೆ ಹಚ್ಚಿ. ಬಾಟಲಿಯನ್ನು ದೇವರ ಗೂಡಿನ ಪಕ್ಕದಲ್ಲಿ ಹಾಗೇ ಇಟ್ಟವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಾಡಿನಲ್ಲಿ ದಣಿವಾದರೆ ತರಗೆಲೆಯ ಮೇಲೆ ಕೂರಬೇಡಿ.

ಮನೆಗೆ ಬಂದ ತಕ್ಷಣದ ಹೊತ್ತೇ ಮುಖ್ಯ. ಆ ಬಟ್ಟೆಯಲ್ಲೇ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯಬೇಡಿ, ಮಗುವನ್ನು ಎತ್ತಿಕೊಳ್ಳಬೇಡಿ. ನೇರ ಬಚ್ಚಲಿಗೆ ಹೋಗಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಬೆನ್ನನ್ನು ಮನೆಯವರಿಗೆ ತೋರಿಸಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು, ಉಗುರಿನಲ್ಲಿ ಹಿಸುಕುವುದು ಬೇಡ.

ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ದನಗಳನ್ನೂ ಆ ಕಡೆ ಬಿಡಬೇಡಿ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕೂಡಲೇ ತಿಳಿಸಿ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಏಕಾಏಕಿ ಜ್ವರ, ವಿಪರೀತ ತಲೆನೋವು, ಸೊಂಟ ಮತ್ತು ಮೀನಖಂಡಗಳ ನೋವು ಬರಬಹುದು. ಅಂಗಡಿಯ ಮಾತ್ರೆ ನುಂಗಿ ಕಾಯಬೇಡಿ. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ಅಂತೂ ಬೇಡವೇ ಬೇಡ. ವೈದ್ಯರು ಕೇಳುವ ಮೊದಲೇ “ಕಾಡಿಗೆ ಹೋಗಿದ್ದೆ” ಎಂದು ಹೇಳಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಜ್ವರ ಬಿಟ್ಟಿತೆಂದು ಮರುದಿನವೇ ತೋಟಕ್ಕೆ ಇಳಿಯಬೇಡಿ. ಕೆಲವರಿಗೆ ಒಂದೆರಡು ವಾರದ ನಂತರ ಜ್ವರ ಮರುಕಳಿಸಿ, ಕೈ ನಡುಕ, ಮಂಪರು ಕಾಣಿಸುತ್ತದೆ. ಆಗ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹಾಗಾಗಿ ಮಲಗಿದವರ ಮನೆಗೆ ನೀವು ಗಂಜಿ ಕೊಂಡೊಯ್ಯಬಹುದು, ಅವರ ದನಗಳಿಗೆ ಹುಲ್ಲು ಹಾಕಿ ಬರಬಹುದು.