ಒಂದು ಪೊಟ್ಟಣ, ಒಂದು ಲೀಟರ್: ಭೇದಿಯಾದ ಮಗುವಿಗೆ ಓಆರ್‌ಎಸ್ ಕಲಸಿ ಕುಡಿಸುವುದು ಹೇಗೆ?

"ಓಆರ್‌ಎಸ್ ಕೊಟ್ವಿ ಸಿಸ್ಟರ್, ಆದ್ರೂ ಮಗು ಏಳ್ತಾನೇ ಇಲ್ಲ."

ಮಕ್ಕಳ ವಾರ್ಡಿಗೆ ನರ್ಸ್ ಆಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಮಳೆಗಾಲ ಹಿಡಿದರೆ ಸಾಕು, ಈ ಮಾತು ಕೇಳದ ವಾರವಿಲ್ಲ. ಓಆರ್‌ಎಸ್ ಎಂದರೆ ಭೇದಿಯಲ್ಲಿ ಮೈಯಿಂದ ಹೋದ ನೀರನ್ನೂ ಉಪ್ಪನ್ನೂ ತುಂಬಲು ನೀರಿನಲ್ಲಿ ಕಲಸಿ ಕುಡಿಸುವ ಪುಡಿ. ಎಷ್ಟು ನೀರಿಗೆ ಎಷ್ಟು ಪುಡಿ ಹಾಕಿದಿರಿ ಎಂದು ಕೇಳಿದರೆ ಒಬ್ಬರು "ಲೋಟಕ್ಕೆ ಎರಡು ಚಮಚ" ಎನ್ನುತ್ತಾರೆ, ಇನ್ನೊಬ್ಬರು "ರುಚಿಗೆ ತಕ್ಕಷ್ಟು" ಎನ್ನುತ್ತಾರೆ. ಒಂದು ಜೂನ್ ತಿಂಗಳಲ್ಲಿ ಒಂದು ವರ್ಷದ ಗಂಡುಮಗುವನ್ನು ಎತ್ತಿಕೊಂಡು ಬಂದ ಅಜ್ಜಿ, ಸೆರಗಿನ ಗಂಟು ಬಿಚ್ಚಿ ಖಾಲಿ ಪೊಟ್ಟಣ ತೋರಿಸಿದರು. "ಬೇಗ ವಾಸಿಯಾಗ್ಲಿ ಅಂತ ಪೂರ್ತಿ ಒಂದೇ ಲೋಟಕ್ಕೆ ಹಾಕ್ದೆ ಕಣವ್ವ." ಮಗುವಿನ ತುಟಿ ಒಣಗಿ ಬಿರಿದಿತ್ತು. ದಾರಿಯಲ್ಲೇ ಒಮ್ಮೆ ಫಿಟ್ಸ್ ಬಂದಿತ್ತು. ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಮಿತಿ ಮೀರಿತ್ತು. ಐದು ದಿನಕ್ಕೆ ಮಗು ಚೇತರಿಸಿಕೊಂಡಿತು. ಆ ಅಜ್ಜಿ ಮಾತ್ರ ಐದು ದಿನವೂ ಮಂಚದ ಪಕ್ಕ ನೆಲದ ಮೇಲೆ ಕೂತೇ ಇದ್ದರು. ಅವರದು ತಪ್ಪಲ್ಲ. ಪೊಟ್ಟಣ ಕೈಗಿಟ್ಟವರು ಯಾರೂ ನೀರಿನ ಅಳತೆ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಸರಿಯಾದ ಪೊಟ್ಟಣ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಓಆರ್‌ಎಸ್ ಪುಡಿ ಉಚಿತವಾಗಿ ಸಿಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳುವುದಾದರೆ ಹಿಂಬದಿ ಓದಿ. ಲೀಟರ್ ನೀರಿಗೆ ಉಪ್ಪು (ಸೋಡಿಯಂ ಕ್ಲೋರೈಡ್) 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ: ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಕಿತ್ತಳೆ ರುಚಿಯದಾದರೂ ಅಡ್ಡಿಯಿಲ್ಲ, ಅಳತೆ ಇದೇ ಇರಬೇಕು.

ಪೆಟ್ಟಿಗೆಯಲ್ಲಿ ಸ್ಟ್ರಾ ಸಮೇತ ಬರುವ ಬಣ್ಣದ ಸಿಹಿ ಪಾನೀಯಗಳನ್ನು ಭೇದಿಯಾದ ಮಗುವಿಗೆ ಕೊಡಲೇಬೇಡಿ. ಇಂಥ ಎಷ್ಟೋ ಪಾನೀಯಗಳು ಓಆರ್‌ಎಸ್ ಎಂಬ ಅಕ್ಷರಗಳನ್ನು ಹೆಸರಿನಲ್ಲೇ ಸೇರಿಸಿಕೊಂಡು ವರ್ಷಗಟ್ಟಲೆ ಔಷಧದಂಗಡಿಗಳಲ್ಲೇ ಮಾರಾಟವಾದವು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ಹಲವು ವರ್ಷ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಪಾನೀಯಗಳ ಹೆಸರಿನಲ್ಲಿ ಆ ಅಕ್ಷರಗಳನ್ನು ಬಳಸಕೂಡದೆಂದು ಆದೇಶಿಸಿತು. ಕೋಲಾ, ಪ್ಯಾಕೆಟ್ ಜ್ಯೂಸ್, ಡಬ್ಬದ ಗ್ಲೂಕೋಸ್ ಪುಡಿ, ಇವೂ ಬೇಡ. ಲೀಟರ್ ಕೋಲಾದಲ್ಲಿ ನೂರು ಗ್ರಾಂ ಮೀರಿ ಸಕ್ಕರೆ ಇರುತ್ತದೆ. ಅಷ್ಟು ಸಕ್ಕರೆ ಕರುಳಿಗಿಳಿದರೆ ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ, ಭೇದಿ ಹೆಚ್ಚುತ್ತದೆ.

ಹಂತ 2: ನೀರಿನ ಅಳತೆ

ಎಡವುವುದು ಇಲ್ಲಿಯೇ. ಪೇಟೆಯಲ್ಲಿ ಎರಡು ಗಾತ್ರದ ಪೊಟ್ಟಣಗಳಿವೆ. ಸುಮಾರು 21 ಗ್ರಾಮಿನ ದೊಡ್ಡದು 1 ಲೀಟರ್ ನೀರಿಗೆ, ನಾಲ್ಕು ಗ್ರಾಂ ಚಿಲ್ಲರೆಯ ಚಿಕ್ಕದು 200 ಎಂಎಲ್ ನೀರಿಗೆ. ಚಿಕ್ಕದನ್ನು ಲೀಟರಿಗೆ ಹಾಕಿದರೆ ಬರೀ ನೀರು ಕುಡಿಸಿದಂತೆ. ದೊಡ್ಡದನ್ನು ಲೋಟಕ್ಕೆ ಸುರಿದರೆ ಆ ಅಜ್ಜಿಯ ಮೊಮ್ಮಗನಿಗೆ ಆದದ್ದೇ ಆಗುತ್ತದೆ. ಹಾಗಾಗಿ ಮನೆಯಲ್ಲಿ ಎರಡೂ ಬಗೆ ಇಡಬೇಡಿ. ನನ್ನನ್ನು ಕೇಳಿದರೆ ಲೀಟರಿನದೇ ಇಡಿ, ಏಕೆಂದರೆ ಲೀಟರ್ ಬಾಟಲಿ ಯಾವ ಅಂಗಡಿಯಲ್ಲೂ ಸಿಗುತ್ತದೆ.

ಲೋಟವನ್ನು ನಂಬಬೇಡಿ. ಒಮ್ಮೆ ವಾರ್ಡಿನ ತಾಯಂದಿರು ಮನೆಯಿಂದ ತಂದಿದ್ದ ಆರು ಸ್ಟೀಲ್ ಲೋಟಗಳಿಗೆ ನೀರು ತುಂಬಿ, ಒಂದೊಂದನ್ನೂ ಅಳತೆಯ ಜಾಡಿಗೆ ಸುರಿದು ತೋರಿಸಿದೆ. ಚಿಕ್ಕದರಲ್ಲಿ 130 ಎಂಎಲ್ ಇತ್ತು, ದೊಡ್ಡದರಲ್ಲಿ 280. "ಐದು ಲೋಟಕ್ಕೆ ಒಂದು ಪ್ಯಾಕೆಟ್" ಎಂದು ಹೇಳಿ ಕಳಿಸಿದರೆ ಒಬ್ಬಾಕೆ 650 ಎಂಎಲ್ ಕಲಸುತ್ತಾಳೆ, ಇನ್ನೊಬ್ಬಾಕೆ 1400. ಪಾವು, ಸೇರಿನ ಲೆಕ್ಕವೂ ಊರಿಂದೂರಿಗೆ ಬೇರೆ. ಸ್ಕೂಲಿಗೆ ಒಯ್ಯುವ ಸ್ಟೀಲ್ ಬಾಟಲಿಗಳಲ್ಲಿ 750 ಎಂಎಲ್ಲಿನವೇ ಬಹಳ.

ಮಾಡಬೇಕಾದದ್ದು ಇಷ್ಟು: ಅಂಗಡಿಯ 1 ಲೀಟರ್ ನೀರಿನ ಬಾಟಲಿಯೊಂದನ್ನು, ಮೇಲಿನ ಚೀಟಿ ಓದಿ 1 ಲೀಟರ್ ಎಂದು ಖಚಿತ ಮಾಡಿಕೊಂಡು, ತೊಳೆದು ಇಟ್ಟುಕೊಳ್ಳಿ. ಕುದಿಸಿ ಆರಿಸಿದ ನೀರನ್ನು ಅದರಲ್ಲಿ ಅಳೆದು ಅಗಲವಾದ ಪಾತ್ರೆಗೆ ಸುರಿಯಿರಿ. ಕುದಿಸುವ ಮೊದಲೇ ಅಳೆಯಬೇಡಿ, ಒಲೆಯ ಮೇಲೆ ನೀರು ಆವಿಯಾಗಿ ಕಡಿಮೆಯಾಗುತ್ತದೆ. ಕುದಿಸುವ ಅನುಕೂಲವಿಲ್ಲದಿದ್ದರೆ ಮನೆಯಲ್ಲಿರುವ ಅತಿ ಶುದ್ಧ ಕುಡಿಯುವ ನೀರು ಸಾಕು. ಗ್ಯಾಸ್ ಖಾಲಿಯಾಗಿದೆ ಎಂದು ಮಗುವನ್ನು ಕಾಯಿಸಬೇಡಿ.

"ಅರ್ಧ ಪ್ಯಾಕೆಟ್ ಈಗ, ಅರ್ಧ ನಾಳೆ" ಎನ್ನುವ ಉಳಿತಾಯ ಬೇಡ. ನಾಲ್ಕು ಬಗೆಯ ಪುಡಿ ಪೊಟ್ಟಣದೊಳಗೆ ಒಂದೇ ಸಮ ಬೆರೆತಿರುವುದಿಲ್ಲ, ಅರ್ಧ ಸುರಿದಾಗ ಯಾವುದು ಎಷ್ಟು ಬಿತ್ತೆಂದು ತಿಳಿಯುವುದಿಲ್ಲ. ಬಾಯಿ ತೆರೆದ ಪೊಟ್ಟಣ ಮಳೆಗಾಲದಲ್ಲಿ ರಾತ್ರಿ ಕಳೆಯುವುದರೊಳಗೆ ಕಲ್ಲಾಗುತ್ತದೆ.

ಅಳತೆಗೆ ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. ಕರುಳಿನ ಗೋಡೆಯಲ್ಲಿ ಉಪ್ಪನ್ನೂ ಗ್ಲೂಕೋಸನ್ನೂ ಜೊತೆಯಾಗಿಯೇ ಒಳಗೆ ಬಿಟ್ಟುಕೊಳ್ಳುವ ಬಾಗಿಲುಗಳಿವೆ, ಅವೆರಡರ ಹಿಂದೆಯೇ ನೀರು ಹೋಗುತ್ತದೆ. ಎಂಥ ಭೇದಿಯಲ್ಲೂ ಸಾಮಾನ್ಯವಾಗಿ ಈ ಬಾಗಿಲುಗಳು ಮುಚ್ಚುವುದಿಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ (ಇಂದಿನ ಬಾಂಗ್ಲಾದೇಶ) ಬಂದ ನಿರಾಶ್ರಿತರಿಗೆ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ದ್ರಾವಣ ಮುಗಿದುಹೋಯಿತು. ಆಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. "ಗ್ಲೂಕೋಸ್ ಹಾಕ್ಸಿಬಿಡಿ" ಎಂದು ಡ್ರಿಪ್ಪಿಗೆ ಹಟ ಹಿಡಿಯುವವರಿಗೆ ನಾನು ಹೇಳುವುದು ಈ ಕಥೆಯನ್ನೇ.

ಹಂತ 3: ಕಲಸುವುದು

ಪುಡಿ ಪೂರ್ತಿ ಸುರಿದು ಕರಗುವವರೆಗೆ ತಿರುವಿ, ಮುಚ್ಚಿಡಿ. ಸಕ್ಕರೆ, ಉಪ್ಪು, ಹಾಲು ಏನನ್ನೂ ಸೇರಿಸಬೇಡಿ, ಕಲಸಿದ ಮೇಲೆ ಕಾಯಿಸಬೇಡಿ. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿ.

ಪೊಟ್ಟಣ ಸಿಗದ ರಾತ್ರಿಗೆ ಒಂದು ದಾರಿ: ಲೀಟರ್ ನೀರಿಗೆ ಟೀ ಚಮಚದಲ್ಲಿ ತಲೆ ಸವರಿದ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಬೆಳಗಾಗುವವರೆಗೆ ಮಾತ್ರ ಸಾಕು. ಚಿಟಿಕೆ, ಹಿಡಿಯ ಲೆಕ್ಕ ಬೇಡ, ಚಮಚವೇ ಇರಲಿ.

ಹಂತ 4: ಕುಡಿಸುವುದು

ಅಳತೆಯಲ್ಲಿ ಗೆದ್ದವರೂ ಇಲ್ಲಿ ಸೋಲುತ್ತಾರೆ. ಬಾಯಾರಿದ ಮಗು ಗಟಗಟ ಕುಡಿಯುತ್ತದೆ, ಮರುಕ್ಷಣ ವಾಂತಿ. "ಹೊಟ್ಟೇಲಿ ನಿಲ್ತಾ ಇಲ್ಲ" ಎಂದು ತಾಯಿ ಕುಡಿಸುವುದನ್ನೇ ನಿಲ್ಲಿಸುತ್ತಾಳೆ. ವಾಂತಿಯಾದರೆ 10 ನಿಮಿಷ ಕಾಯಿರಿ, ಮತ್ತೆ ಶುರು ಮಾಡಿ, ಈ ಸಲ ಇನ್ನೂ ನಿಧಾನವಾಗಿ. ಎರಡು ನಿಮಿಷಕ್ಕೊಂದು ಟೀ ಚಮಚ, ಅಂದರೆ 5 ಎಂಎಲ್. ಏನೂ ಸಾಲದೆನಿಸಿದರೂ ಲೆಕ್ಕ ಹಾಕಿ: ಗಂಟೆಗೆ 150 ಎಂಎಲ್ ಒಳಗೆ ಹೋಗುತ್ತದೆ. ಗೋಡೆ ಗಡಿಯಾರದ ಎದುರು ಕೂತು ಕುಡಿಸಿ. ಕೈ ಸೋತರೆ ಅಪ್ಪನೋ ಅಜ್ಜಿಯೋ ಚಮಚ ಹಿಡಿಯಲಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಎಂಎಲ್, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200. ಹರೆಯದ ಮಕ್ಕಳು ಬೇಕೆನಿಸಿದಷ್ಟು ಕುಡಿಯಲಿ. ಎರಡು ತಿಂಗಳೊಳಗಿನ ಕೂಸಾದರೆ ಮನೆಯಲ್ಲಿ ಪ್ರಯೋಗ ಬೇಡ, ಮೊಲೆಹಾಲು ಕೊಡುತ್ತಲೇ ಆಸ್ಪತ್ರೆಗೆ ಹೊರಡಿ.

ಫೀಡಿಂಗ್ ಬಾಟಲಿ ಬೇಡವೇ ಬೇಡ. ಅದರ ನಿಪ್ಪಲ್ಲಿನೊಳಗೆ ಹಳೆಯ ಹಾಲಿನ ಜಿಡ್ಡು ಅಂಟಿಕೊಂಡಿರುತ್ತದೆ, ಎಷ್ಟೋ ಮಕ್ಕಳ ಭೇದಿಗೆ ಮೂಲವೇ ಅದು. ಅಟ್ಟದ ಮೇಲಿಟ್ಟ ಹಳೆಯ ಒಳಲೆ (ಕೂಸಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು) ಇದ್ದರೆ ಕೆಳಗಿಳಿಸಿ, ಕುದಿಸಿ, ಬಳಸಿ. ಕೂಸಿಗೆ ಕುಡಿಸಲು ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಹಂತ 5: ಜಿಂಕ್, ಹದಿನಾಲ್ಕು ದಿನ

ಓಆರ್‌ಎಸ್ ಜೊತೆಗೆ ಜಿಂಕ್ (ಸತು) ಮಾತ್ರೆಯೂ ಬೇಕು. ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು ದಾಟಿದ ಮೇಲೆ 20. ಮಾತ್ರೆ 20 ಮಿಲಿಗ್ರಾಮಿನದಾದರೆ ಚಿಕ್ಕ ಕೂಸಿಗೆ ಅರ್ಧವನ್ನು ಹಿಂಡಿದ ಮೊಲೆಹಾಲಿನಲ್ಲಿ ಕರಗಿಸಿ ಕೊಡಿ. ಮೂರನೇ ದಿನಕ್ಕೆ ಭೇದಿ ನಿಂತಿತೆಂದು ಮಾತ್ರೆ ನಿಲ್ಲಿಸುವವರೇ ಹೆಚ್ಚು. ಹದಿನಾಲ್ಕು ದಿನ ಪೂರ್ತಿ ಮಾಡಿ, ಮುಂದಿನ ತಿಂಗಳುಗಳಲ್ಲಿ ಮತ್ತೆ ಭೇದಿಯಾಗುವುದು ಕಡಿಮೆಯಾಗುತ್ತದೆ.

ದೊಡ್ಡವರು ನುಂಗುವ ಭೇದಿ ನಿಲ್ಲಿಸುವ ಮಾತ್ರೆ ಚಿಕ್ಕ ಮಕ್ಕಳಿಗೆ ಅಪಾಯ, ಕರುಳಿನ ಚಲನೆಯೇ ನಿಂತುಬಿಡಬಹುದು. ವೈದ್ಯರು ಬರೆದುಕೊಡದ ಆಂಟಿಬಯಾಟಿಕ್ ಸಿರಪ್ಪೂ ಬೇಡ.

ಊಟ ನಿಲ್ಲಿಸಬೇಡಿ. ಮೊಲೆಹಾಲು, ಮೆತ್ತಗೆ ಬೆಂದ ಅನ್ನ, ಮೊಸರು, ಬಾಳೆಹಣ್ಣು ಎಲ್ಲವೂ ಆಗುತ್ತದೆ. "ಹೊಟ್ಟೆಗೆ ರಜೆ" ಕೊಟ್ಟರೆ ಮಗು ಸೊರಗುತ್ತದೆ.

ಆಸ್ಪತ್ರೆಗೆ ಯಾವಾಗ?

"ಹಲ್ಲು ಬರ್ತಿದೆ, ಅದಕ್ಕೇ ಭೇದಿ" ಎಂದು ಕೂರಬೇಡಿ. ನೆತ್ತಿ ಗುಳಿ ಬಿದ್ದರೆ ಹರಳೆಣ್ಣೆ ಒತ್ತುವವರಿದ್ದಾರೆ. ಅದು ಮೈಯ ನೀರು ಬತ್ತಿದ ಗುರುತು, ಎಣ್ಣೆಯಿಂದ ತುಂಬುವುದಿಲ್ಲ. ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಡಿ. ಕೂಡಲೇ ಮೊದಲಿನಂತಾಗದೆ ನಿಧಾನಕ್ಕೆ ಇಳಿದರೆ, ಕಣ್ಣು ಒಳಹೋಗಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಆರೆಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ತಡ ಮಾಡದೆ ಹೊರಡಿ. ಮಗು ಮಂಕಾಗಿ ಕಣ್ಣು ತೆರೆಯದಿದ್ದರೆ, ಫಿಟ್ಸ್ ಬಂದರೆ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಎಚ್ಚರವಿದ್ದು ಕುಡಿಯುವ ಮಗುವಾದರೆ ಕಲಸಿದ ಬಾಟಲಿಯನ್ನೂ ಚಮಚವನ್ನೂ ಜೊತೆಗೆ ಒಯ್ಯಿರಿ. ಆಟೋದಲ್ಲಿರಲಿ, ಬಸ್ಸಿನಲ್ಲಿರಲಿ, ಎರಡು ನಿಮಿಷಕ್ಕೊಂದು ಚಮಚ ನಡೆಯುತ್ತಲೇ ಇರಲಿ. ಖಾಲಿ ಪೊಟ್ಟಣವನ್ನೂ ತನ್ನಿ, ಎಷ್ಟು ಕಲಸಿದ್ದೀರೆಂದು ನಮಗೆ ತಿಳಿಯಬೇಕು.