ಅಲೆ ಏಳದ ಸ್ಟೆತೋಗ್ರಾಫ್ ಸರಿಹೋದದ್ದು ಹೀಗೆ

ಸ್ಟೆತೋಗ್ರಾಫ್ ಅಂದರೆ ಎದೆಗೆ ಸುತ್ತಿದ ಕೊಳವೆಯ ಮೂಲಕ ಉಸಿರಾಟವನ್ನು ಅಲೆಗೆರೆಯಾಗಿ ದಾಖಲಿಸುವ ಉಪಕರಣ. ಪರೀಕ್ಷೆಗೆ ಕುಳಿತವರ ಎದೆ ಚೆನ್ನಾಗಿ ಏರಿಳಿಯುತ್ತಿತ್ತು, ಆದರೆ ಹೊಗೆ ಹಿಡಿಸಿದ ಕಾಗದದ ಮೇಲೆ ಹೆಚ್ಚುಕಡಿಮೆ ನೇರ ಗೆರೆ. ಆ ಕಾಗದ ಸುತ್ತಿದ ಕೈಮೋಗ್ರಾಫ್ ಡ್ರಮ್ ಸರಿಯಾಗಿಯೇ ತಿರುಗುತ್ತಿತ್ತು. ಸ್ಟೆತೋಗ್ರಾಫಿನ ಸುಕ್ಕು ಕೊಳವೆಯನ್ನು ಬಿಚ್ಚಿ ಕೈಯಲ್ಲೇ ಎಳೆದು ಹಿಡಿದೆ. ಗೆರೆ ಬರೆಯುವ ಕಡ್ಡಿ, ಅಂದರೆ ಲಿವರ್, ಸರ್ರನೆ ಕೆಳಗಿಳಿದು, ನಾನು ಬಿಡುವ ಮೊದಲೇ ಮೇಲಕ್ಕೆ ಮರಳಿತು. ಅಂದರೆ ಎಲ್ಲೋ ಗಾಳಿ ಸೋರುತ್ತಿದೆ. ಹುಡುಕಿದರೆ ಟ್ಯಾಂಬೂರಿನ (ಕೊಳವೆಯ ಒತ್ತಡಕ್ಕೆ ತಕ್ಕಂತೆ ಲಿವರನ್ನು ಅಲುಗಿಸುವ ಪುಟ್ಟ ಬಟ್ಟಲಿನ) ರಬ್ಬರ್ ಪೊರೆಯ ಅಂಚಿನಲ್ಲಿ, ದಾರ ಸುತ್ತಿದ ಕಡೆಯೇ, ಸಣ್ಣ ಬಿರುಕು. ಹೊಸ ಪೊರೆ ಕಟ್ಟಿದೆ, ತೀರಾ ಬಿಗಿಯದೆ. ಬಿಗಿ ಹೆಚ್ಚಾದರೆ ಸಣ್ಣ ಒತ್ತಡಕ್ಕೆ ಅದು ಅಲುಗುವುದೇ ಇಲ್ಲ.

ಕೊಳವೆಯನ್ನು ನಾಲ್ಕನೇ ಪಕ್ಕೆಲುಬಿನ ಸಂದಿನ ಮಟ್ಟದಲ್ಲಿ, ಉಸಿರು ಹೊರಬಿಟ್ಟಾಗ ಸುತ್ತಿದೆ. ಪಕ್ಕದ ನಳಿಕೆಯ ಕ್ಲಿಪ್ ತೆರೆದು ಒತ್ತಡ ಸಮ ಮಾಡಿ, ಲಿವರ್ ಅಡ್ಡಡ್ಡ ನಿಂತ ಮೇಲೆ ಮುಚ್ಚಿದೆ. ಈಗ ಉಸಿರೆಳೆದರೆ ಕೊಳವೆ ಹಿಗ್ಗಿ, ಒಳಗಿನ ಒತ್ತಡ ಇಳಿದು, ಗೆರೆ ಕೆಳಕ್ಕೆ; ಬಿಟ್ಟರೆ ಮೇಲಕ್ಕೆ.

ಆದರೂ ಲಯ ಏರುಪೇರಾಗಿತ್ತು. ಕುಳಿತವರು ಡ್ರಮ್ಮನ್ನೇ ನೋಡುತ್ತಿದ್ದರು! ಉಸಿರಿನ ಮೇಲೆ ಗಮನ ಹೋಯಿತೆಂದರೆ ಅದು ಸಹಜವಾಗಿ ಉಳಿಯುವುದಿಲ್ಲ. ಬೆನ್ನು ತಿರುಗಿಸಿ ಕೂರಿಸಿದ ಮೇಲೆ ಅಲೆಗಳು ಒಂದೇ ಸಮನಾದವು. ಒಂದು ಗುಟುಕು ನೀರು ಕುಡಿಯಲು ಹೇಳಿದೆ: ನುಂಗುವಾಗ ಉಸಿರು ನಿಂತದ್ದೂ ಚಿಕ್ಕ ಸಮತಟ್ಟು ಗೆರೆಯಾಗಿ ಸ್ಪಷ್ಟವಾಗಿ ಬಂತು.